ಮೀನಿನ ಹೆಸರಿನ ಪ್ರಾರ್ಥನೆ

ಅತ್ತೆಯವರಿಗೆ,

ಬಂದರಿನ ಮೇಲಿನ ಮನೆಯಿಂದ ನಿಮ್ಮ ಸೊಸೆಯ ನಮಸ್ಕಾರ. ‘ಪೂಜ್ಯ’ ಎಂದು ಬರೆದರೆ ಪೂಜೆಯೆಲ್ಲ ಕರ್ತರೊಬ್ಬರಿಗೇ ಎಂದು ಅಲ್ಲಿಂದಲೇ ಗದರುತ್ತೀರಿ. ‘ಪ್ರೀತಿಯ’ ಎಂದು ಬರೆದರೆ ಇದೆಲ್ಲಿಯ ಹೊಸ ನಾಟಕ ಎನ್ನುತ್ತೀರಿ. ಹಾಗಾಗಿ ಬರೀ ಅತ್ತೆಯವರಿಗೆ ಎಂದು ಶುರುಮಾಡಿದ್ದೇನೆ. ನಮ್ಮ ಪಾದ್ರಿ ಅಯ್ಯನವರ ಹೆಂಡತಿ, ಮನಸ್ಸು ಮರಗಟ್ಟಿದಾಗ ದೇವರಿಗೊಂದು ಕಾಗದ ಬರೆಯಬೇಕು ಎಂದು ಹೇಳಿಕೊಟ್ಟರು. ಅಡುಗೆಮನೆಯ ಗಿಡ್ಡ ಮೇಜಿನ ಮುಂದೆ ಕೂತೆ. ದೇವರಿಗೆ ಏನು ಬರೆಯಬೇಕೋ ತೋಚಲಿಲ್ಲ. ನಿಮಗಾದರೆ ಬರೆಯಬಹುದು ಅನ್ನಿಸಿತು. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಒಲೆಯ ಮುಂದೆ ನಿಂತವರು ನಾವು. ನೀವು ಯಾವ ಮಾತಿಗೆ ಮುಖ ತಿರುಗಿಸುತ್ತೀರಿ ಎಂಬುದು ನನಗೆ ಗೊತ್ತು.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ನಿಮ್ಮ ಮಗ ಇನ್ನೂ ಐಸ್ ಕಾರ್ಖಾನೆಗೆ ಹೋಗುತ್ತಾರೆ, ಸಂಜೆ ಬಂದು ಟಿವಿ ಮುಂದೆ ಬಾಯಿ ತೆರೆದು ನಿದ್ದೆಮಾಡುತ್ತಾರೆ. ಚರ್ಚಿಗೆ ಈಗಲೂ ಕ್ರಿಸ್ಮಸ್ಸಿಗೊಮ್ಮೆ, ಈಸ್ಟರಿನಲ್ಲಿ ಬೇಯಿಸಿದ ಮೊಟ್ಟೆ ಹಂಚುವಾಗ ಒಮ್ಮೆ. ಒಣಮೀನಿನ ಅಂಗಡಿ ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಹಳೆಯ ಗಿರಾಕಿಗಳು ಬಂದು ಅಜ್ಜಿ ಎಲ್ಲಿ ಎಂದು ಕೇಳುತ್ತಾರೆ. ತೀರಿಕೊಂಡರು ಎನ್ನುತ್ತೇನೆ. ಅವರು ಅಯ್ಯೋ ಎಂದು ಕಣ್ಣೊರೆಸಿಕೊಳ್ಳುತ್ತಾರೆ, ನಾನು ಮೀನು ಕಟ್ಟಿಕೊಡುತ್ತೇನೆ.

ಫೆಬ್ರವರಿಯಲ್ಲಿ ನೀವು ಹೋದಾಗ ನಾನು ಅಳಲಿಲ್ಲ. ಆಸ್ಪತ್ರೆಯ ಕೆಳಗಿನ ಅಂತಿಮ ದರ್ಶನದ ಕೋಣೆಯಲ್ಲಿ ಪದ್ಧತಿಯಂತೆ ಮೂರು ದಿನ ಕಪ್ಪು ಬಟ್ಟೆ ಉಟ್ಟು ಬಂದವರಿಗೆಲ್ಲ ಖಾರದ ದನದ ಮಾಂಸದ ಸಾರು, ಅನ್ನ ಬಡಿಸಿದೆ. ಚರ್ಚಿನ ಸಭೆಯವರು ಸರದಿಯ ಮೇಲೆ ಬಂದು ಕೀರ್ತನೆ ಹಾಡಿದರು. ಬುಸಾನಿನಿಂದ ಬಂದ ನಿಮ್ಮ ಮಗಳು ಎರಡು ಸಲ ಎಚ್ಚರ ತಪ್ಪಿದಳು. ಎದ್ದು ಕೂತು ನನ್ನನ್ನೇ ನೋಡುತ್ತ ಹೇಳಿದಳು, “ಅತ್ತಿಗೆ, ಒಂದ್ ಹನಿ ಕಣ್ಣೀರೂ ಬರ್ಲಿಲ್ವಲ್ಲ ನಿಮ್ಗೆ. ಕಲ್ಲು ಕಣ್ರೀ ನೀವು.” ಎಲೆಕೋಸಿನ ಕಿಮ್ಚಿ ಇನ್ನಷ್ಟು ಹಾಕಲೇ ಎಂದು ಕೇಳಿದೆ.

ಆಮೇಲೂ ಅಷ್ಟೇ. ಹಲ್ಲು ಕೀಳಿಸಲು ಸೂಜಿ ಹಾಕಿಸಿಕೊಂಡು ಬಂದಾಗ ಕೆನ್ನೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗಿದ್ದೆ. ಊಟ ಸೇರುತ್ತಿತ್ತು, ರುಚಿ ಗೊತ್ತಾಗುತ್ತಿರಲಿಲ್ಲ. ನಿದ್ದೆ ಬರುತ್ತಿತ್ತು, ಎದ್ದಾಗ ಮಲಗಿದ್ದೆ ಅನ್ನಿಸುತ್ತಿರಲಿಲ್ಲ. ಅಕ್ಕಿ ತೊಳೆಯುವ ಮೊದಲು ಮನೆಯ ತಲೆಗೊಂದರಂತೆ ಚಮಚ ಅಕ್ಕಿಯನ್ನು ಸಭೆಗೆಂದು ಚೀಲಕ್ಕೆ ಹಾಕುವುದನ್ನು ನೀವೇ ಕಲಿಸಿದಿರಿ. ನೀವು ಹೋದ ಮೇಲೂ ಕೈ ನಿಮ್ಮ ಚಮಚವನ್ನು ಹಾಕುತ್ತಿತ್ತು. ನಿಮ್ಮ ಮಗ ಒಂದು ದಿನ ನೋಡಿ, “ಅಲ್ಲಿಗೂ ಅಮ್ಮಂಗೆ ರೇಷನ್ ಕಳಿಸ್ತಿದ್ದೀಯಾ?” ಎಂದರು. ನಾನು ನಗಲಿಲ್ಲ. ಅವರೂ ಮತ್ತೆ ಆ ಮಾತೆತ್ತಲಿಲ್ಲ.

ಬೆಳಗಿನ ಜಾವದ ಪ್ರಾರ್ಥನೆಗೆ ಮಾತ್ರ ತಪ್ಪದೆ ಹೋಗುತ್ತಿದ್ದೆ. ಇದನ್ನು ಭಕ್ತಿ ಎಂದು ತಿಳಿಯಬೇಡಿ. ಅಷ್ಟು ವರ್ಷ ನೀವು ಮೊಣಕೈಯಿಂದ ತಿವಿದು ಎಬ್ಬಿಸಿದ ಮೈ, ತಿವಿಯುವವರು ಇಲ್ಲದಿದ್ದರೂ ಆ ಹೊತ್ತಿಗೇ ಏಳುತ್ತಿತ್ತು. ಎದ್ದ ಮೇಲೆ ಏನು ಮಾಡುವುದು, ಸ್ವೆಟರ್ ಹಾಕಿಕೊಂಡು ಇಳಿಜಾರಿನ ಮೆಟ್ಟಿಲು ಇಳಿದು ಹೋಗುತ್ತಿದ್ದೆ. ಹೆಂಗಸರು ನನ್ನನ್ನು ಚರ್ಚಿನ ನೆಲದ ಮೇಲಿನ ನಿಮ್ಮ ದಿಂಬಿನ ಮೇಲೇ ಕೂರಿಸಿದರು. ಆ ಜಾಗ ಖಾಲಿ ಬಿಡಬಾರದಂತೆ.

ಈ ಊರಿಗೆ ನಾನು ಬಂದ ದಿನಗಳು ಈ ನಡುವೆ ಬಹಳ ನೆನಪಾಗುತ್ತವೆ. ನಾನು ಬೆಟ್ಟದ ಕಡೆಯವಳು, ಆಲೂಗಡ್ಡೆಯ ಊರಿನವಳು. ನನ್ನ ತವರಿನ ಅಮ್ಮ ಬೆಳಿಗ್ಗೆ ಹಿತ್ತಲಲ್ಲಿ ಸೋಯಾ ಜಾಡಿಗಳ ಕಟ್ಟೆಯ ಮೇಲೆ ಬಟ್ಟಲಲ್ಲಿ ಹೊಸ ನೀರಿಟ್ಟು, ಎರಡೂ ಕೈ ಉಜ್ಜಿಕೊಂಡು ಗುನುಗುತ್ತಿದ್ದಳು. ಯಾರಿಗೆ ಎಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮದುವೆ ಮಾತಾಡಲು ಬಂದ ನೀವು ಆ ಬಟ್ಟಲನ್ನು ನೋಡಿ, “ಬಟ್ಟೆಬರೆ ತಗೊಂಡ್ ಬಾ. ಆ ಬಟ್ಲು ಇಲ್ಲೇ ಇರ್ಲಿ,” ಎಂದಿರಿ. ಮದುವೆಯಾದ ಮೊದಲನೆಯ ಭಾನುವಾರ ನನ್ನ ರಟ್ಟೆ ಹಿಡಿದು ಚರ್ಚಿನ ಮೆಟ್ಟಿಲು ಹತ್ತಿಸಿದಿರಿ. ರಟ್ಟೆಯ ಮೇಲೆ ನಿಮ್ಮ ಬೆರಳಿನ ಗುರುತು ಸಂಜೆಯವರೆಗೂ ಇತ್ತು. ಈ ಮನೆಯ ಸೊಸೆ ಈ ಮನೆಯ ದೇವರಿಗೆ ಸೇರಿದವಳು, ಅದರಲ್ಲಿ ಕೇಳುವುದೇನಿದೆ.

ಮೊದಲ ಸಲ ಕೂಗು ಪ್ರಾರ್ಥನೆಯಲ್ಲಿ ಕೂತಾಗ ನನಗೆ ಆದ ಗಾಬರಿಯನ್ನು ಯಾರಿಗೂ ಹೇಳಿರಲಿಲ್ಲ. ಆಗಿನ ಅಯ್ಯನವರು ಪೀಠದಿಂದ ಅಪ್ಪಣೆ ಕೊಟ್ಟಿದ್ದೇ ತಡ, ಸಭೆಗೆ ಸಭೆಯೇ “ಕರ್ತನೇ” ಎಂದು ಮೂರು ಸಲ ಕಿರುಚಿತು. ಆಮೇಲೆ ಒಬ್ಬೊಬ್ಬರೂ ತಮ್ಮತಮ್ಮದನ್ನು ಗಟ್ಟಿಯಾಗಿ ಹೇಳತೊಡಗಿದರು, ಎದೆ ಬಡಿದುಕೊಂಡರು, ನೆಲ ಗುದ್ದಿದರು. ಬಂದರಿನಲ್ಲಿ ದೋಣಿ ಮುಳುಗಿದ ಸುದ್ದಿ ಬಂತೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ನಿಮ್ಮ ಮೊಣಕೈ ಪಕ್ಕೆಗೆ ಬಿತ್ತು. “ಬಾಯ್ ಬಿಡೇ. ಮೂಗಿ ಥರ ಕೂತ್ಕೊಂಡು ನನ್ ಮಾನ ಕಳೀಬೇಡ.”

ನನಗೆ ಹೇಳಲು ಏನೂ ಇರಲಿಲ್ಲ. ಆ ವಾರ ನೀವು ಅಂಗಡಿಯಲ್ಲಿ ನನಗೆ ಮ್ಯೊಂಗ್ತೆ ಮೀನಿನ ಹೆಸರು ಕಲಿಸುತ್ತಿದ್ದಿರಿ. ಬೆಟ್ಟದಲ್ಲಿ ನಮಗೆ ಅದು ಬರೀ ಒಣಮೀನು. ಇಲ್ಲಿ ಅದೇ ಮೀನು ಹಸಿಯಿದ್ದರೆ ಸೆಂಗ್ತೆ, ಹೆಪ್ಪುಗಟ್ಟಿದರೆ ದೋಂಗ್ತೆ, ಅರ್ಧ ಒಣಗಿದರೆ ಕೋದಾರಿ, ಪೂರ್ತಿ ಒಣಗಿದರೆ ಪುಗೊ, ಹಿಮದಲ್ಲಿ ಹೆಪ್ಪುಗಟ್ಟಿ ಬಿಸಿಲಲ್ಲಿ ಕರಗಿ ಹಳದಿಯಾದರೆ ಹ್ವಾಂಗ್ತೆ, ಮರಿಯಾದರೆ ನೊಗಾರಿ. ಗಿರಾಕಿಯ ಮುಂದೆ ಒಂದು ತಪ್ಪಿದರೂ ನಿಮ್ಮ ಕಣ್ಣು ಕೆಂಪಾಗುತ್ತಿತ್ತು. ಅದನ್ನೇ ಹೇಳಿಕೊಂಡೆ. ಕಣ್ಣು ಮುಚ್ಚಿ, ಮುಂದೆ ಹಿಂದೆ ತೂಗುತ್ತ, ಸೆಂಗ್ತೆ, ದೋಂಗ್ತೆ, ಕೋದಾರಿ, ಪುಗೊ, ಹ್ವಾಂಗ್ತೆ, ನೊಗಾರಿ. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಓರೆಗಣ್ಣಿನಲ್ಲಿ ನೋಡಿದೆ, ನನ್ನ ತುಟಿ ಆಡುತ್ತಿದ್ದದ್ದಕ್ಕೆ ನಿಮಗೆ ಸಮಾಧಾನವಾಗಿತ್ತು.

ಯಾವಾಗಲೂ ಹಾಗೇ ಇದ್ದೆ ಎಂದಲ್ಲ. ನಿಮ್ಮ ಮಗ ಇನ್ನೂ ದೋಣಿಗೆ ಹೋಗುತ್ತಿದ್ದಾಗ, ಆ ದೊಡ್ಡ ಬಿರುಗಾಳಿಯಲ್ಲಿ ಅವರ ದೋಣಿಯ ರೇಡಿಯೊ ನಿಂತುಹೋಯಿತಲ್ಲ, ಆವತ್ತು ನಾನು ನಿಜವಾಗಿ ಕೂಗಿದೆ. ಗಂಟಲು ಕಿತ್ತುಹೋಗಿ ಒಂದು ವಾರ ಮಾತು ಹೊರಡಲಿಲ್ಲ. ಅವರು ಬಂದರು. ಬಂದದ್ದಕ್ಕೆ ನಂಬಿದೆ ಎಂದು ನೀವು ಅಂದುಕೊಂಡಿದ್ದಿರಿ. ನಿಜ ಹೇಳಬೇಕೆಂದರೆ ಅವರು ಬರುವ ಮೊದಲೇ, ಕೂಗುತ್ತಿದ್ದಾಗಲೇ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತ್ತು. ಆಮೇಲೆ ಕೆಲವು ವರ್ಷ ಬೆಚ್ಚಗಿದ್ದೆ. ಸ್ಕ್ವಿಡ್ ಸೀಳಿ ಹಗ್ಗಕ್ಕೆ ನೇತುಹಾಕುವಾಗ ನನ್ನಷ್ಟಕ್ಕೆ ಹಾಡು ಬರುತ್ತಿತ್ತು. ಬೈಬಲಿನ ಒಂದು ಮಾತು ಓದಿ ಇಡೀ ದಿನ ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡಿದ್ದೂ ಉಂಟು.

ಆ ಮೇಲೆ ಏನಾಯಿತು ಎಂದು ತೋರಿಸಿ ಹೇಳಲಾರೆ. ಏನೂ ಆಗಲಿಲ್ಲ. ಸಭೆಯ ಅಡುಗೆಮನೆ ನನ್ನ ಪಾಲಿಗೆ ಬಂತು. ಚಳಿಗಾಲಕ್ಕೆ ಸಭೆಯ ಕಿಮ್ಚಿ, ಭಾನುವಾರದ ನೂಡಲ್ಸ್ ಸಾರು, ಸತ್ತವರ ಮನೆಗೆ ಗಂಜಿ. ಪಾತ್ರೆ ತೊಳೆಯುವಾಗ ಮಹಡಿಯ ಮೇಲಿನಿಂದ ಅಯ್ಯನವರು ಬೋಧಿಸುವ ಪ್ರಸಂಗ ಕೇಳಿಸುತ್ತಿತ್ತು, ಅರ್ಧಂಬರ್ಧ. ನಂಬಿಕೆ ಮಕ್ಕಳ ಎತ್ತರದ ಹಾಗೆ ಬೆಳೆಯುತ್ತಲೇ ಹೋಗುತ್ತದೆ ಎಂದು ಪ್ರಸಂಗದಲ್ಲಿ ಹೇಳುತ್ತಿದ್ದರು. ನನ್ನದು ಎಲ್ಲೋ ನಿಂತಿತ್ತು. ನೀವು ಪಕ್ಕದಲ್ಲಿ ಇದ್ದಿರಲ್ಲ, ಹಾಗಾಗಿ ಅದು ಗೊತ್ತಾಗಲಿಲ್ಲ. ನಿಮ್ಮ ಬೆಂಕಿಯ ಪಕ್ಕ ಕೂತವಳಿಗೆ ತನ್ನ ಮೈ ಬೆಚ್ಚಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳಲಿಲ್ಲ. ನೀವು ಎದ್ದು ಹೋದ ಮೇಲೆ ಎದ್ದಿತು. ಇಷ್ಟು ವರ್ಷ ನಾನು ಹೊತ್ತದ್ದು ನನ್ನ ನಂಬಿಕೆಯೋ, ನಿಮ್ಮ ಚೀಲವನ್ನು ಹಿಡಿದುಕೊಂಡು ಹಿಂದೆ ನಡೆದೆನೋ? ಈ ಕಾಗದ ಬರೆಯುತ್ತಿರುವುದೂ ಅದಕ್ಕೇ.

ನಿಮ್ಮ ದಿಂಬಿನ ಮೇಲೆ ಕೂತು ಕೂಗು ಪ್ರಾರ್ಥನೆ ಬಂದಾಗ ನನ್ನಲ್ಲಿ ಮತ್ತೆ ಏನೂ ಇರಲಿಲ್ಲ. ನಾಲಿಗೆ ತನಗೆ ತಾನೇ ಹಳೆಯ ದಾರಿ ಹಿಡಿಯಿತು. ಸೆಂಗ್ತೆ, ದೋಂಗ್ತೆ, ಕೋದಾರಿ, ಪುಗೊ. ವಸಂತ ಕಳೆಯಿತು, ಮಳೆಗಾಲ ಕಳೆಯಿತು, ನಾನು ದೇವರ ಮುಂದೆ ಮೀನಿನ ಹೆಸರು ಹೇಳಿಕೊಂಡು ಕೂತಿದ್ದೆ. ಬೇಸರವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ.

ಸುಗ್ಗಿ ಹಬ್ಬದ ಹಿಂದಿನ ವಾರ ಅದು ನಡೆದದ್ದು. ಕೂಗು ಪ್ರಾರ್ಥನೆ ನಿಲ್ಲಿಸಲು ಪೀಠದ ಮೇಲಿನ ಗಂಟೆ ಬಾರಿಸುತ್ತಾರಲ್ಲ, ಅದು ನನಗೆ ಕೇಳಿಸಲಿಲ್ಲ. ಎಲ್ಲರೂ ನಿಲ್ಲಿಸಿದ್ದರು. ಕಣ್ಣು ಮುಚ್ಚಿಕೊಂಡು ತೂಗುತ್ತ ನಾನೊಬ್ಬಳೇ ಹೇಳುತ್ತಿದ್ದೆ. ಹ್ವಾಂಗ್ತೆ, ನೊಗಾರಿ, ಸೆಂಗ್ತೆ, ದೋಂಗ್ತೆ. ನನ್ನ ದನಿ ನನಗೇ ಕೇಳಿಸಿದಾಗ ಕಣ್ಣು ಬಿಟ್ಟೆ. ಅಯ್ಯನವರು ಗಂಟೆಯ ಮೇಲೆ ಕೈಯಿಟ್ಟುಕೊಂಡೇ ನನ್ನನ್ನು ನೋಡುತ್ತಿದ್ದರು. ಆಗ ಮುಂದಿನ ಸಾಲಿನಿಂದ ಚು ಹಿರಿಯರು, ಅವರಿಗೆ ಕಿವಿ ಪೂರ್ತಿ ಹೋಗಿದೆ, ನನ್ನ ಪ್ರಾರ್ಥನೆ ಮುಗಿಯಿತು ಎಂದುಕೊಂಡು ಗಟ್ಟಿಯಾಗಿ “ಆಮೆನ್” ಎಂದರು. ನಮ್ಮ ಸಭೆ ನಿಮಗೆ ಗೊತ್ತಲ್ಲ, ಒಬ್ಬರು ಆಮೆನ್ ಅಂದರೆ ಉಳಿದವರ ಬಾಯಿ ಸುಮ್ಮನಿರುವುದಿಲ್ಲ. ಎಲ್ಲರೂ ಆಮೆನ್ ಎಂದರು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹೆಂಗಸರು ನನ್ನ ಕೈ ಹಿಡಿದುಕೊಂಡರು. ದೋಣಿ ನಂಬಿ ಬದುಕುವ ಯಾಂಗ್ ಮನೆಯಾಕೆ ಅಳುತ್ತಲೇ ಹೇಳಿದಳು, “ಅಕ್ಕಾ, ನಾವೆಲ್ಲ ನಮ್ ನಮ್ ಮಕ್ಕಳಿಗೋಸ್ಕರ ಬೇಡ್ಕೊಂಡ್ವಿ. ನೀವು ನೋಡಿ, ಸಮುದ್ರಕ್ಕೋಸ್ಕರ ಬೇಡ್ಕೊಂಡ್ರಿ.” ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ನಮ್ಮ ಸಮುದ್ರದಲ್ಲಿ ಮ್ಯೊಂಗ್ತೆ ಕಾಣೆಯಾಗಿ ಎಷ್ಟು ವರ್ಷವಾಯಿತು. ನಾವು ಒಣಗಿಸುವುದೆಲ್ಲ ರಷ್ಯಾದ ಮಂಜುಗಡ್ಡೆಯಲ್ಲಿ ಬಂದ ಮೀನು. ಓಡಿಹೋದ ಮಗನನ್ನು ತಾಯಿ ಒಂದೊಂದು ಹೆಸರಿನಿಂದಲೂ ಕರೆಯುವ ಹಾಗೆ ನಾನು ಮೀನನ್ನು ವಾಪಸ್ಸು ಕರೆಯುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಹಾಗಲ್ಲ ಎಂದು ಆಗಲೇ ಹೇಳಬೇಕಿತ್ತು. ಬಾಯಿ ತೆರೆಯುವಷ್ಟು ಮನಸ್ಸಿರಲಿಲ್ಲ.

ಮುಂದಿನ ಭಾನುವಾರ ಅಯ್ಯನವರು ಅದರ ಮೇಲೇ ಪ್ರಸಂಗ ಮಾಡಿದರು. ಅದರ ಮುಂದಿನ ಭಾನುವಾರವೂ ಮಾಡಿದರು. ಬೆಳಗಿನ ಜಾವ ಇಡೀ ಸಭೆ ಮೀನಿನ ಹೆಸರು ಕೂಗತೊಡಗಿತು. ಚಳಿ ಶುರುವಾಗುತ್ತಿದ್ದಂತೆ ಉತ್ತರದ ಕಡೆಯ ಒಂದು ದೋಣಿಗೆ ಒಂದು ಪೆಟ್ಟಿಗೆ ಮ್ಯೊಂಗ್ತೆ ಸಿಕ್ಕಿತು. ಒಂದೇ ಪೆಟ್ಟಿಗೆ, ಅತ್ತೆ. ಆದರೂ ಬಂದರಿನಲ್ಲೆಲ್ಲ ಅದೇ ಮಾತು. ನಿಮ್ಮ ಜಾಗಕ್ಕೆ ಸಭೆಯ ಹಿರಿಯಮ್ಮನನ್ನು ಆರಿಸಬೇಕಿತ್ತಲ್ಲ, ಚೀಟಿ ಎಣಿಸಿದಾಗ ಹೆಚ್ಚುಕಡಿಮೆ ಎಲ್ಲದರಲ್ಲೂ ನನ್ನ ಹೆಸರಿತ್ತು. ವರ್ಷದ ಕೊನೆಗೆ ಬಿಳಿ ಬಟ್ಟೆ ಉಡಿಸಿ ಸಭೆಯ ಮುಂದೆ ನಿಲ್ಲಿಸುತ್ತಾರೆ. ನಂಬುತ್ತೀಯಾ ಎಂದು ಕೇಳುತ್ತಾರೆ, ನಂಬುತ್ತೇನೆ ಎನ್ನಬೇಕು. ನೀವು ಹಿರಿಯಮ್ಮನಾದ ದಿನ ಅದನ್ನು ಗಟ್ಟಿಯಾಗಿ ಹೇಳಿದಾಗ ಹಿಂದಿನ ಸಾಲಿನ ಮಕ್ಕಳು ಬೆಚ್ಚಿಬಿದ್ದಿದ್ದವು.

ಮನೆಗೆ ಬಂದು ಕನ್ನಡಿಯ ಮುಂದೆ ಹೇಳಿ ನೋಡಿದೆ. ಹೇಳಲು ಬಂತು. ಅದೇ ತೊಂದರೆಯಾಯಿತು. ಮೀನಿನ ಹೆಸರು ಬರುವಷ್ಟೇ ಸಲೀಸಾಗಿ ಬಂತು.

ಆ ವಾರ ತಾಕ್ ಅಜ್ಜಿ ಅಂಗಡಿಗೆ ಬಂದರು. ಹೌದು, ಅವರೇ. ಮಾರುಕಟ್ಟೆಯಲ್ಲಿ ಒಂದು ಮೊಳ ಜಾಗಕ್ಕಾಗಿ ನಿಮ್ಮೊಂದಿಗೆ ಜಗಳವಾಡಿ, ಚರ್ಚಿನಲ್ಲಿ ನಿಮ್ಮ ಬಲಗಡೆಯೇ ಕೂತು, ನೀವು ಸಾಯುವವರೆಗೂ ನಿಮ್ಮ ಜೊತೆ ಮಾತು ಬಿಟ್ಟಿದ್ದವರು. ನನ್ನ ಸ್ಟೂಲನ್ನು ಎಳೆದುಕೊಂಡು ಕೂತರು, ಒಂದು ಮೀನು ಎತ್ತಿ ಮೂಸಿ ಕೆಳಗಿಟ್ಟರು.

“ಹಿರಿಯಮ್ಮ ಆಗ್ತಿದ್ದೀಯಂತೆ.”

“ಆರಿಸಿದ್ದಾರೆ ಅಜ್ಜಿ.”

“ಮೀನಿನ ಪಾಠ ಒಪ್ಪಿಸಿದ್ದಕ್ಕೆ.” ಅಜ್ಜಿಯ ಮುಖದಲ್ಲಿ ನಗು ಇರಲಿಲ್ಲ. “ಫೆಬ್ರವರಿಯಿಂದ ಅದನ್ನೇ ಹೇಳ್ತಿದ್ದೀಯ. ಬೇರೆಯವ್ರಿಗೆ ಮೊನ್ನೆ ಕೇಳಿಸ್ತು, ನಂಗೆ ದಿನಾ ಕೇಳಿಸ್ತಿತ್ತು.”

ಅಷ್ಟು ಗದ್ದಲದಲ್ಲಿ ಹೇಗೆ ಕೇಳಿಸಿತು ಎಂದೆ.

“ಎಲ್ಲರೂ ಅರಚುವಾಗ ಬಾಯ್ ಮುಚ್ಕೊಂಡು ಕೂತ್ರೆ ಊರಿನ ಸಮಾಚಾರ ಎಲ್ಲಾ ಸಿಗುತ್ತೆ. ಯಾರ ಗಂಡ ಕುಡೀತಾನೆ, ಯಾರ ಮಗಳು ಮನೆಗೆ ಬರಲ್ಲ. ನಲವತ್ತು ವರ್ಷದಿಂದ ನಾನು ಅಲ್ಲಿ ಕೂಗಿಲ್ಲ.”

“ಹಾಗಾದ್ರೆ ನೀವು ಪ್ರಾರ್ಥನೆ ಮಾಡೋದು ಯಾವಾಗ?”

“ಮನೇಲಿ, ನಿಧಾನಕ್ಕೆ. ಕರ್ತರಿಗೇನು ಚು ಹಿರಿಯರ ಥರ ಕಿವುಡಾ?”

ಆಮೇಲೆ ಅವರು ನಿಮ್ಮ ಮಾತು ತೆಗೆದರು. ನಿಮ್ಮ ಎಡಗಡೆ ಕೂತು ನಾನು ಬೊಬ್ಬೆಹೊಡೆಯುತ್ತಿದ್ದೆನಲ್ಲ, ನೀವು ಏನು ಬೇಡಿಕೊಳ್ಳುತ್ತಿದ್ದಿರಿ ಎಂಬುದು ನನಗೆ ಒಂದು ದಿನವೂ ಕೇಳಿಸಲಿಲ್ಲ. ನಿಮ್ಮ ವೈರಿಗೆ ಎಲ್ಲ ಕೇಳಿಸಿತ್ತು. “ಅರ್ಧಕ್ಕರ್ಧ ನಿನ್ ಮೇಲೇ ಚಾಡಿ,” ಎಂದರು ಅಜ್ಜಿ. “ಕರ್ತನೇ, ಇವಳ ಕೈಲಿ ಉಪ್ಪು ಕಮ್ಮಿ ಮಾಡ್ಸು. ಕರ್ತನೇ, ಇವಳ ಹಠ ಮುರಿ, ಬೆನ್ನು ಮುರೀಬೇಡ. ಮೂವತ್ತು ವರ್ಷ ಇದನ್ನೇ ಕೇಳಿ ನಂಗೇ ಸಾಕಾಗಿತ್ತು, ಪಾಪ ಕರ್ತರಿಗೆ ಹೇಗಾಗಿರ್ಬೇಕು.”

ನಾನು ಒಣಮೀನನ್ನು ದಾರಕ್ಕೆ ಪೋಣಿಸುತ್ತಲೇ ಇದ್ದೆ. ಹೋದ ಚಳಿಗಾಲದಲ್ಲಿ, ಕೆಮ್ಮಿನಿಂದ ನಿಮಗೆ ಕೂಗಲು ಆಗುತ್ತಿರಲಿಲ್ಲವಲ್ಲ, ಆಗ ಹೇಳಿದ್ದು ಬೇರೆ ಎಂದರು ಅಜ್ಜಿ. ನೀವು ಹೇಳಿದ ಹಾಗೇ ಹೇಳಿದರು, ನಿಮ್ಮ ದನಿಯನ್ನೂ ಅಣಕಿಸಿದರು.

“ಕರ್ತನೇ, ಈ ಹುಡುಗೀನ ನಾನೇ ರಟ್ಟೆ ಹಿಡಿದು ಎಳ್ಕೊಂಡ್ ಬಂದೆ. ಬರ್ತೀಯಾ ಅಂತ ಒಂದ್ ಮಾತು ಕೇಳ್ಲಿಲ್ಲ. ನಾನು ಹೋದ್ಮೇಲೆ ಇವಳು ಇಲ್ಲಿಗೆ ಬರೋದು ಬಿಟ್ರೆ ಇವಳನ್ನ ಹಿಡೀಬೇಡ. ನನ್ನನ್ನ ಕೇಳು.”

ಅಜ್ಜಿ ಎದ್ದು, ಮೂಸಿ ಇಟ್ಟಿದ್ದ ಮೀನನ್ನೇ ಕೈಚೀಲಕ್ಕೆ ಹಾಕಿಕೊಂಡು ಹೊರಟರು.

ನಾನು ಅಲ್ಲೇ ಕುಸಿದು ಅತ್ತಿರಬೇಕು ಎಂದು ನೀವು ಅಂದುಕೊಂಡರೆ, ಇಲ್ಲ. ಮೊದಲು ಬಂದದ್ದು ಸಿಟ್ಟು. ಫೆಬ್ರವರಿಯ ನಂತರ ಈ ಮೈಯಲ್ಲಿ ಮೊದಲು ಹುಟ್ಟಿದ್ದು ಅದೇ. ಗೋಡೆಯ ಆಚೆ ಮಲಗುತ್ತಿದ್ದ ನೀವು ಇದನ್ನು ನನಗೇ ಹೇಳಬಹುದಿತ್ತು. ತಪ್ಪಾಯಿತು ಎನ್ನುವುದು ಬೇಡ, ಬರ್ತೀಯಾ ಎಂದು ಈಗಲಾದರೂ ಒಮ್ಮೆ ಕೇಳಬಹುದಿತ್ತು. ದೇವರಿಗೆ ಹೇಳಿದಿರಿ, ತಾಕ್ ಅಜ್ಜಿಗೆ ಕೇಳಿಸಿದಿರಿ, ನನ್ನನ್ನು ಮಾತ್ರ ಹೊರಗಿಟ್ಟಿರಿ. ಐವತ್ತೇಳು ವರ್ಷದ ಹೆಂಗಸು ನಾನು, ನಿಮ್ಮ ಬಾಯಲ್ಲಿ ಇನ್ನೂ ‘ಈ ಹುಡುಗಿ’. ಮರುದಿನ ಬೆಳಗಿನ ಜಾವ ಎಚ್ಚರವಾದಾಗ ಎದ್ದೇಳಲಿಲ್ಲ. ನೀವೇ ಬಿಡುಗಡೆ ಮಾಡಿದ್ದೀರಲ್ಲ, ಸರಿ, ಹೋಗುವುದಿಲ್ಲ ಎಂದು ಹೊದಿಕೆ ಎಳೆದುಕೊಂಡೆ.

ನಿಮ್ಮ ಮಗ ನನ್ನ ಹಣೆ ಮುಟ್ಟಿ ನೋಡಿದರು. “ಜ್ವರ ಏನಿಲ್ವಲ್ಲ. ಪ್ರಾರ್ಥನೆ?”

“ಹೋಗಲ್ಲ.”

“ಇವತ್ತಾ?”

“ಗೊತ್ತಿಲ್ಲ.”

ಅವರು ಇನ್ನೇನೂ ಕೇಳದೆ ತಾವೇ ಅಕ್ಕಿ ತೊಳೆಯಲು ಹೋದರು. ಹೀಗೆ ಹಲವು ದಿನ ಕಳೆದವು. ಹೋಗದಿದ್ದುದರಿಂದ ಖುಷಿಯೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಕಿಟಕಿ ಕಪ್ಪಿನಿಂದ ಬೂದಿಯಾಗುವುದನ್ನು, ಬೂದಿಯಿಂದ ಬಿಳಿಯಾಗುವುದನ್ನು ನೋಡುತ್ತ ಮಲಗಿರುತ್ತಿದ್ದೆ. ಹಿರಿಯಮ್ಮನಾಗುವವಳು ಮನೆಯಲ್ಲಿ ಉಪವಾಸ ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದು ಸಭೆಯವರು ಮಾತಾಡಿಕೊಂಡರಂತೆ. ನಾನು ಹೊಟ್ಟೆತುಂಬ ಉಣ್ಣುತ್ತಿದ್ದೆ.

ಇದು ಹೀಗೇ ಸಾಗಬಹುದಿತ್ತು. ಆದರೆ ಯಾಂಗ್ ಮನೆಯಾಕೆ ಒಂದು ಮಧ್ಯಾಹ್ನ ಓಡೋಡಿ ಅಂಗಡಿಗೆ ಬಂದಳು. ಅವಳ ಗಂಡ ದೋಣಿ ಮಾರಲು ಒಪ್ಪಿದ್ದ, ದಕ್ಷಿಣದ ಕಡೆಯವರು ಕೊಳ್ಳಲು ತಯಾರಿದ್ದರು ಎಂಬುದು ನನಗೆ ಗೊತ್ತಿತ್ತು. “ಮಾರಲ್ಲ ಅಂದ್ಬಿಟ್ರು ಅಕ್ಕಾ. ಮ್ಯೊಂಗ್ತೆ ವಾಪಸ್ ಬರ್ತಿದೆ, ನಿಮ್ ಪ್ರಾರ್ಥನೆ ಹುಸಿಯಾಗಲ್ಲ ಅಂತ. ಬಲೆ ರಿಪೇರಿಗೆ ಕೊಟ್ಟಿದ್ದಾರೆ,” ಎಂದಳು. ಅವಳ ಮುಖ ಹದಿನೆಂಟರ ಹುಡುಗಿಯ ಹಾಗಿತ್ತು. ನನ್ನ ಕೈಯಲ್ಲಿದ್ದ ಮೀನು ಕೆಳಗೆ ಬಿತ್ತು.

ಅದು ಪ್ರಾರ್ಥನೆಯೇ ಅಲ್ಲ ಎಂದು ಅವಳಿಗೆ ಅಲ್ಲೇ ಹೇಳಿದೆ. ಅವಳು ನಂಬಲಿಲ್ಲ, ವಿನಯ ಮಾಡುತ್ತಿದ್ದೇನೆ ಎಂದು ನಕ್ಕುಬಿಟ್ಟಳು. ಬಾಗಿಲು ಎಳೆದು ನೇರ ಅಯ್ಯನವರ ಮನೆಗೆ ಹೋದೆ. ಅವರು ಸಿಯೋಲ್ ನಗರದಿಂದ ಬಂದ ಹುಡುಗ, ನಿಮ್ಮ ಮೊಮ್ಮಗನ ವಯಸ್ಸು. ಹೇಳಿದ್ದನ್ನೆಲ್ಲ ಕೇಳಿ ಕಿವಿಯವರೆಗೂ ಕೆಂಪಾದರು.

“ನಾನು ಅದರ ಮೇಲೆ ಎರಡು ವಾರ ಪ್ರಸಂಗ ಮಾಡಿದ್ದೀನಲ್ಲಮ್ಮಾ.”

“ಈ ವಾರ ಬೇರೆ ಮಾಡಿ ಅಯ್ಯನವರೇ.”

ಅವರು ತಲೆ ಕೆರೆದುಕೊಂಡರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು, ಹೇಳಿದೆ. “ನಂಗೂ ಒಂದೊಂದ್ಸಲ,” ಎಂದು ಏನನ್ನೋ ಶುರುಮಾಡಿದರು. ಅಷ್ಟರಲ್ಲಿ ಅವರ ಹೆಂಡತಿ ಅಮ್ಮನವರು ಬಾರ್ಲಿ ಚಹಾ ತಂದಿಟ್ಟರು, ಅಯ್ಯನವರು ಮಾತು ನುಂಗಿಕೊಂಡರು. ಈ ಕಾಗದದ ಉಪಾಯ ಅಮ್ಮನವರು ಹೇಳಿದ್ದು ಆವಾಗಲೇ.

ಭಾನುವಾರ ಪ್ರಕಟಣೆಗಳ ಹೊತ್ತಿಗೆ ನಾನು ಎದ್ದು ನಿಂತೆ. ಕಾಲು ನಡುಗಲಿಲ್ಲ. ಮರಗಟ್ಟಿರುವುದಕ್ಕೆ ಅಷ್ಟು ಲಾಭವಿದೆ. “ಆವತ್ತು ನಾನು ಮಾಡಿದ್ದು ಪ್ರಾರ್ಥನೆ ಅಲ್ಲ. ನಮ್ಮತ್ತೆ ಹೋದಾಗಿಂದ ದೇವರಿಗೆ ಹೇಳೋಕೆ ನನ್ ಹತ್ರ ಏನೂ ಇಲ್ಲ. ಬಾಯಿ ಆಡಿಸ್ಬೇಕಲ್ಲ ಅಂತ ಅಂಗಡಿಯ ಮೀನಿನ ಹೆಸರು ಹೇಳ್ಕೊಂಡೆ. ಯಾರೂ ಅದನ್ನ ನಂಬ್ಕೊಂಡು ದೋಣಿ ವಿಷಯ ತೀರ್ಮಾನ ಮಾಡ್ಬೇಡಿ. ಹಿರಿಯಮ್ಮನ ಜಾಗ ನಂಗೆ ಬೇಡ,” ಎಂದು ಹೇಳಿ ಕೂತೆ. ಚು ಹಿರಿಯರು ಆಮೆನ್ ಎಂದರು. ಈ ಸಲ ಯಾರೂ ಅವರ ಹಿಂದೆ ಹೋಗಲಿಲ್ಲ.

ಎಲ್ಲರೂ ನಕ್ಕು ತಬ್ಬಿಕೊಂಡರು ಎಂದು ಬರೆಯಲು ನನಗೂ ಇಷ್ಟವೇ. ಹಾಗಾಗಲಿಲ್ಲ. ಊಟದ ಹೊತ್ತಿಗೆ ನನ್ನ ಮೇಜಿಗೆ ಯಾರೂ ಬರಲಿಲ್ಲ. ಯಾಂಗ್ ಮನೆಯಾಕೆ ಹೋಗುವಾಗ ಒಂದೇ ಮಾತು ಹೇಳಿದಳು, “ಆವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ ಅಕ್ಕಾ. ಈಗ ನಮ್ಮನೆಯವ್ರಿಗೆ ನಾನೇನಂತ ಹೇಳ್ಲಿ.” ದಕ್ಷಿಣದವರು ಇನ್ನೂ ಕಾಯುತ್ತಿದ್ದರು, ದೋಣಿ ಮಾರಾಟವಾಯಿತು. ಅವಳು ಈಗ ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಆ ಕಡೆಯ ಸಾಲನ್ನು ನೋಡಿಕೊಂಡು ನಡೆಯುತ್ತಾಳೆ. ಅದರಿಂದ ನನಗೆ ನೋವಾಗುತ್ತದೆ. ನೋವಾಗುತ್ತದೆ ಎಂಬುದು ಗೊತ್ತಾಗುತ್ತಿದೆ, ಅಷ್ಟನ್ನು ನಿಮಗೆ ತಿಳಿಸುತ್ತೇನೆ.

ಇನ್ನು ಮೊನ್ನೆಯದೊಂದು ಹೇಳಿ ಮುಗಿಸುತ್ತೇನೆ. ಬೆಳಗಿನ ಜಾವ ಎಚ್ಚರವಾಯಿತು. ಹೋಗಬೇಕು ಎಂಬ ಆಸೆಯಿರಲಿಲ್ಲ. ಹೋಗದಿದ್ದರೆ ಕೇಳುವವರೂ ಇರಲಿಲ್ಲ, ಆ ಏರ್ಪಾಡನ್ನು ನೀವೇ ಮಾಡಿಹೋಗಿದ್ದೀರಿ. ಹಾಗೇ ಸ್ವಲ್ಪ ಹೊತ್ತು ಮಲಗಿದ್ದೆ. ಆಮೇಲೆ ಎದ್ದು ಮುಖ ತೊಳೆದುಕೊಂಡು ಹೋದೆ. ಬಿರುಗಾಳಿಯ ದಿನ ಕೇಳಿಸಿಕೊಂಡವರು ಇನ್ನೂ ಅಲ್ಲಿದ್ದಾರೆಯೇ ನೋಡೋಣ ಅನ್ನಿಸಿತು. ನಿಮ್ಮ ದಿಂಬಿನ ಮೇಲೆ ಯಾರೋ ಹೊಸಬಳು ಕೂತಿದ್ದಳು, ಚಿಕ್ಕ ಹುಡುಗಿ, ಸ್ಕ್ವಿಡ್ ಕಾರ್ಖಾನೆಗೆ ಹೊಸದಾಗಿ ಸೇರಿದವಳಿರಬೇಕು. ನಾನು ಕೊನೆಯ ಸಾಲಿನಲ್ಲಿ, ಚಪ್ಪಲಿ ಗೂಡಿನ ಪಕ್ಕ ಕೂತೆ.

ಎಲ್ಲರೂ ಕೂಗತೊಡಗಿದರು. ಮೀನಿನ ಹೆಸರು ನಾಲಿಗೆಯ ತುದಿಗೆ ಬಂತು, ಅದನ್ನು ತಡೆದೆ. ತಡೆದ ಮೇಲೆ ಹೇಳಲು ಏನೂ ಉಳಿಯಲಿಲ್ಲ. ಎದೆಯೊಳಗೆ ಕರಗಿದ್ದೇನೂ ಇಲ್ಲ, ಬೆಳಕೂ ಕಾಣಲಿಲ್ಲ. ಹೊಸಬರ ಮನೆಗೆ ಹೋದಾಗ ಏನು ಮಾಡುತ್ತೇವೆ, ಮೊದಲು ಹೆಸರು ಹೇಳುತ್ತೇವೆ. ಸಣ್ಣ ದನಿಯಲ್ಲಿ ಹೇಳಿದೆ, “ನಾನು ಮಾ ಜೊಮ್ರೆ. ಇವತ್ತು ಯಾರೂ ನನ್ನ ಕರ್ಕೊಂಡ್ ಬಂದಿಲ್ಲ.”

ಪಕ್ಕದಲ್ಲಿ ಏನೋ ಸರಿದ ಹಾಗಾಯಿತು. ಕಣ್ಣು ಬಿಟ್ಟರೆ ತಾಕ್ ಅಜ್ಜಿ. ನಾನು ಜಾಗ ಬದಲಿಸಿದ್ದಕ್ಕೆ ಅವರೂ ಬದಲಿಸಿದ್ದರು. ದಿಂಬನ್ನು ಎಳೆದುಕೊಂಡು, ಒಳ್ಳೆಯ ಕಿವಿಯನ್ನು ನನ್ನ ಕಡೆ ವಾಲಿಸಿ ಕೇಳಿದರು.

“ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ.”

“ನಿಮ್ಗೆ ಹೇಳಿದ್ದಲ್ಲ ಅಜ್ಜಿ,” ಎಂದೆ.

ಇಷ್ಟೇ, ಅತ್ತೆ. ನನ್ನ ವಿಷಯ ಅಲ್ಲಿ ಯಾರಾದರೂ ನಿಮ್ಮನ್ನು ಕೇಳಿದರೆ, ಅವಳನ್ನೇ ಕೇಳಿ ಎಂದು ಹೇಳಿ. ಮಂಡಿನೋವಿಲ್ಲದ ಜಾಗದಲ್ಲಿ ಕಾಲು ಚಾಚಿ ಕೂರಿ. ಕರ್ತರ ಸಮಾಧಾನ ನಿಮ್ಮ ಮೇಲಿರಲಿ.

ಇತಿ,
ಮಾ ಜೊಮ್ರೆ